ಸತ್ತವಳು ಸಗಣಿ ಬಳಿಯುವುದಿಲ್ಲ

ಮೂರನೆಯ ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿದ್ದ ಎರಡನೆಯದನ್ನು ತಿರುವಿ ಹಾಕಬೇಕು ಎನ್ನುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಮಹಜಬೀನ್ ಟೀಚರ್. ನಮ್ಮೂರ ಅಂಗನವಾಡಿಗೆ ಬಂದು ನಾಲ್ಕು ತಿಂಗಳಾಗಿತ್ತು. ಮತದಾರರ ಪಟ್ಟಿಯ ಕೆಲಸವನ್ನೂ ಅವರಿಗೇ ಹಚ್ಚಿದ್ದರು. ಮನೆಮನೆ ತಿರುಗಿ ಹೊಸ ಹೆಸರು ಬರೆದುಕೊಳ್ಳಬೇಕು, ತಪ್ಪಿದ್ದರೆ ತಿದ್ದಬೇಕು, ಸತ್ತವರಿದ್ದರೆ ತಿಳಿಸಬೇಕು. ಅವತ್ತು ಕೈಯಲ್ಲಿ ಕಾಗದದ ಕಟ್ಟಿತ್ತು. ಸೆರಗು ತಲೆಗೆ ಎಳೆದುಕೊಂಡು ಮೆಲ್ಲಗೆ ಕೇಳಿದರು.

“ಸುಗಂಧಾ, ನಿಮ್ಮ ಅತ್ತಿ ಯಾವಾಗ ತೀರಕೊಂಡ್ರವಾ? ನನಗ ಸುದ್ದಿನೇ ಹತ್ತಲಿಲ್ಲ.”

“ಯಾರ್ರಿ ತೀರಕೊಂಡಿದ್ದು?”

“ಕಾಂತಾಬಾಯಿ.”

“ಈಗರೆ ಚಾ ಕುಡದು ಸಾವ್ಕಾರ್ರ ಮನಿಗಿ ಹೆಂಡಿ ಬಳ್ಯಾಕ ಹೋಗ್ಯಾರಲ್ರಿ.”

“ಯಾ ಅಲ್ಲಾ!” ಎಂದು ಟೀಚರ್ ಹೊಸ್ತಿಲ ಮೇಲೆ ಕೂತೇಬಿಟ್ಟರು.

ಹಂಚಿನ ರೊಟ್ಟಿ ಕರಕಾಯಿತು. ಹಿಟ್ಟಿನ ಕೈಯಲ್ಲೇ ಕಾಗದ ಹಿಡಿದೆ. ಅದು ಬಸವಕಲ್ಯಾಣದ ತಹಸೀಲ್ ಕಚೇರಿಯಿಂದ ಬಂದ ನೋಟಿಸು. ಕಾಂತಾಬಾಯಿಯ ಹೆಸರನ್ನು ಪಟ್ಟಿಯಿಂದ ತೆಗೆಯಬೇಕೆಂದು ಒಬ್ಬರು ತಕರಾರು ಅರ್ಜಿ ಕೊಟ್ಟಿದ್ದಾರೆ, ಕಾರಣ ಮರಣ, ವಿಚಾರಣೆಗೆ ಇಂಥ ದಿನ ಬರಬೇಕು ಎಂದಿತ್ತು. ಕೆಳಗೆ ಅರ್ಜಿ ಕೊಟ್ಟವನ ಹೆಸರು. ಅಜೀತ ಸಾವ್ಕಾರ. ನನ್ನ ಅತ್ತೆ ಮೂವತ್ತೊಂದು ವರ್ಷದಿಂದ ಯಾವ ಮನೆಯ ಸಗಣಿ ಹೊತ್ತಿದ್ದಾಳೋ ಆ ಮನೆಯ ಮಗ.

ಟೀಚರ್ ಕೈಯಲ್ಲಿ ಅಂಥವೇ ಇನ್ನೂ ಆರು ಇದ್ದವು. ಎಲ್ಲ ನಮ್ಮ ಕೇರಿಯವೇ. ಎಲ್ಲರೂ ವಿಧವೆಯರು, ಮುದುಕಿಯರು. ಫೋನಿಲ್ಲದವರು, ಓದು ಬರದವರು. ಏಳೂ ಮಂದಿಗೆ ಒಂದೇ ಕಾರಣ. ಮರಣ.

ಯಾಕೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹೋದ ಸಲದ ಪಂಚಾಯ್ತಿ ಚುನಾವಣೆಯಲ್ಲಿ ಅಜೀತನ ಹೆಂಡತಿ ನಮ್ಮ ವಾರ್ಡಿನಲ್ಲಿ ಐದು ಮತದಿಂದ ಬಿದ್ದಿದ್ದಳು. ಐದು ಮತ. ಏಳು ಹೆಣ.

ನನ್ನ ಮಗಳು ಸುಮೇಧಾ ಮೂಲೆಯಲ್ಲಿ ಕೂತು ಚಹಾದಲ್ಲಿ ರೊಟ್ಟಿ ಅದ್ದಿ ತಿನ್ನುತ್ತಿದ್ದಳು. ಮೂರನೆಯ ತರಗತಿ. ಅವಳ ಕೈ ಬಟ್ಟಲಲ್ಲೇ ನಿಂತಿತ್ತು. ನಾನು ಅವಳ ಕಡೆ ನೋಡಿ ನಕ್ಕೆ. ಹೆದರಬಾರದು ಎಂದು ನಕ್ಕೆ.

ಅತ್ತೆಯ ಕೆಲಸ ಎಂಥದೆಂದು ಬರೆಯುತ್ತೇನೆ. ಹನ್ನೊಂದು ಎಮ್ಮೆ, ನಾಲ್ಕು ಎತ್ತು. ಹೊತ್ತು ಹುಟ್ಟುವ ಮುಂಚೆ ಹಿತ್ತಲ ಬಾಗಿಲಿನಿಂದ ಒಳಗೆ ಹೋಗಬೇಕು. ಬರಿಗೈಯಲ್ಲಿ ಸಗಣಿ ಬಳಿಯಬೇಕು. ಬುಟ್ಟಿ ತುಂಬಬೇಕು, ತಲೆಯ ಮೇಲೆ ಸಿಂಬಿ ಇಟ್ಟು ತಿಪ್ಪೆಗೆ ಹೊರಬೇಕು. ಮಳೆಗಾಲದಲ್ಲಿ ಗಂಜಲ ಬುಟ್ಟಿಯ ಸಂದಿನಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಬೆನ್ನಿಗೆ ಇಳಿಯುತ್ತದೆ. ಆ ಮನೆಯ ಗಂಡಸರು ಅಂಗಳದಲ್ಲಿದ್ದರೆ ಕೇರಿಯ ಹೆಣ್ಣು ಮುಖ ತೋರಿಸುವಂತಿಲ್ಲ. ಸೆರಗು ಗದ್ದದವರೆಗೆ ಎಳೆದುಕೊಂಡು ಬಗ್ಗಿಕೊಂಡೇ ಇರಬೇಕು. ಮೂವತ್ತೊಂದು ವರ್ಷ ಬಗ್ಗಿದ ಬೆನ್ನು ಈಗ ಮನೆಗೆ ಬಂದು ಅರ್ಧ ಗಂಟೆ ಗೋಡೆಗೆ ಒರಗಿದ ಮೇಲೆ ನೆಟ್ಟಗಾಗುತ್ತದೆ.

ಅಜೀತ ಏಳು ವರ್ಷದವನಿದ್ದಾಗ ಆಡುತ್ತಾ ಗೊಬ್ಬರದ ಗುಂಡಿಗೆ ಬಿದ್ದಿದ್ದ. ಎದೆಯವರೆಗೆ ಹೂತು ಹೋಗಿದ್ದ. ಇಳಿದು ಎತ್ತಿದವಳು ಅತ್ತೆ. ಆ ಮನೆಯವರು ಅವನಿಗೆ ಎರಡು ಸಲ ಸ್ನಾನ ಮಾಡಿಸಿದರು. ಒಮ್ಮೆ ಗೊಬ್ಬರ ಹೋಗಲಿ ಎಂದು. ಇನ್ನೊಮ್ಮೆ ಅವಳು ಮುಟ್ಟಿದ್ದು ಹೋಗಲಿ ಎಂದು.

ಅವತ್ತು ಅತ್ತೆ ಬಂದಾಗ ಒಂಬತ್ತು ಗಂಟೆ. ಕೈಕಾಲು ತೊಳೆದು ಗೋಡೆಗೆ ಒರಗಿದಳು. ನಾನು ನೋಟಿಸು ಓದಿ ಹೇಳಿದೆ.

“ಇನ್ನೊಮ್ಮಿ ಓದು,” ಎಂದಳು.

ಓದಿದೆ.

“ಅಜೀತನೇ ಸಹಿ ಮಾಡ್ಯಾನೇನು?”

“ಹೌದು ಅತ್ತಿ.”

ತನ್ನ ಅಂಗೈ ನೋಡಿಕೊಂಡಳು. ಎಷ್ಟು ತೊಳೆದರೂ ಆ ಕೈಯ ಗೆರೆಗಳಲ್ಲಿ ಹಸಿರು ಉಳಿಯುತ್ತದೆ.

“ಹಂಗಾದ್ರ ನಾಳಿಂದ ನಾ ಹೋಗಾಂಗಿಲ್ಲ. ಸತ್ತಾಕಿ ಹೆಂಡಿ ಬಳ್ಯಾಂಗಿಲ್ಲ.”

ನನಗೆ ನಗು ಬಂತು. ಅವಳು ನಗಲಿಲ್ಲ.

ನನ್ನ ಗಂಡ ಮಚ್ಚೇಂದ್ರ ರಾಜೇಶ್ವರದಿಂದ ಹುಮನಾಬಾದಿಗೆ ಟಮ್‌ಟಮ್ ಆಟೋ ಓಡಿಸುತ್ತಾನೆ. ಒಳ್ಳೆಯವನು. ಹೆದರುವವನು. ಮಧ್ಯಾಹ್ನ ಊಟಕ್ಕೆ ಬಂದಾಗ ಹೇಳಿದ, “ಅವ್ವ ಜೀವಂತ ಅದಾಳಂತ ಟೀಚರ್ ಬರಕೊಂಡು ಹೋಗ್ಯಾರಲ್ಲ. ಹೆಸರು ಉಳೀತದ. ಸಾವ್ಕಾರ್ರ ಜೋಡಿ ಹಗೆತನ ಯಾಕ?”

“ಹೆಸರು ಉಳಿದ್ರ ಸಾಕೇನು? ಬರದಾಂವ ಹಂಗೇ ಉಳೀಬೇಕಾ?”

ಅವನು ಬಾಯಿಗೆ ಒಯ್ದ ತುತ್ತು ಕೆಳಗಿಟ್ಟ. ಹದಿಮೂರು ವರ್ಷದಲ್ಲಿ ನಾನು ಅವನ ಮುಂದೆ ಆ ದನಿ ತೆಗೆದಿದ್ದು ಅದೇ ಮೊದಲು.

ಮರುದಿನ ಸುಮೇಧಾಳನ್ನು ಕರೆದುಕೊಂಡು ಬಸವಕಲ್ಯಾಣಕ್ಕೆ ಹೋದೆ. ತಹಸೀಲ್ ಕಚೇರಿಯ ಚುನಾವಣಾ ಶಾಖೆಯಲ್ಲಿ ಇರ್ಫಾನ ಎಂಬ ಗುಮಾಸ್ತರಿದ್ದರು. ಮೇಜಿನ ಸುತ್ತ ಜನ. ಹದಿನೆಂಟು ತುಂಬಿದ ಹುಡುಗಿಯರು ಹೆಸರು ಸೇರಿಸಲು ಬಂದಿದ್ದರು. ಮದುವೆಯಾಗಿ ಬಂದವರು ಊರು ಬದಲಿಸಲು ಬಂದಿದ್ದರು. ಒಬ್ಬ ಮುದುಕನ ಹೆಸರು ಹೆಂಗಸಿನ ಫೋಟೋ ಜೊತೆ ಅಚ್ಚಾಗಿತ್ತು. “ಕಾಕಾ, ಫೋಟೋ ಬದಲಿ ಮಾಡೋದಾ, ಇಲ್ಲಾ ಸೀರಿ ಉಟಗೋತೀರಾ?” ಎಂದು ಇರ್ಫಾನ ಕೇಳಿದರು. ಮುದುಕನೂ ನಕ್ಕ. ನನ್ನ ಸರದಿ ಬಂದಾಗ ನೋಟಿಸು ಮುಂದಿಟ್ಟೆ. ಅವರ ನಗು ಹೋಯಿತು.

“ಏಳು ಮಂದೀನೂ ಜೀವಂತ ಅದಾರಾ?”

“ಅದಾರ್ರಿ.”

“ಹೆದರಬ್ಯಾಡವಾ. ಯಾರರೆ ಅರ್ಜಿ ಕೊಟ್ಟ ಕೂಡಲೇ ಹೆಸರು ತೆಗ್ಯಾಂಗಿಲ್ಲ. ವಿಚಾರಣಿ ಆಗಬೇಕು. ಸತ್ತಾರಂತ ಅಂದಾಂವನೇ ಸಾಬೀತ ಮಾಡಬೇಕು. ನೀವಲ್ಲ. ಆದ್ರ ಎಲ್ಲಾರೂ ಬರ್ರಿ. ತಾವೇ ನಡಕೋತ ಬಂದು ನಿಂತ್ರ ಅದಕ್ಕಿಂತ ದೊಡ್ಡ ಪುರಾವೆ ಯಾವುದದ?”

“ಸುಳ್ಳ ಅರ್ಜಿ ಕೊಟ್ಟಾಂವಗ ಏನಾಗತದ್ರಿ?”

ಅವರು ನನ್ನ ಮುಖ ನೋಡಿದರು. ಒಂದು ಖಾಲಿ ಫಾರಂ ತೆಗೆದು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. ಗೊತ್ತಿದ್ದೂ ಸುಳ್ಳು ಹೇಳಿಕೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಅಜೀತ ಆ ಸಾಲಿನ ಕೆಳಗೇ ಸಹಿ ಮಾಡಿದ್ದ. ಏಳು ಸಲ.

“ಇದನ್ನ ಯಾರೂ ಓದಂಗಿಲ್ಲ,” ಎಂದರು ಇರ್ಫಾನ.

ನಾನು ಓದಿದೆ. ಬಾಯಿಪಾಠ ಮಾಡಿದೆ. ಮುಂದಿನ ಎಂಟು ದಿನ ರೊಟ್ಟಿ ಬಡಿಯುವಾಗ ಆ ಸಾಲು ಹೇಳಿಕೊಂಡೇ ಬಡಿದಿದ್ದೇನೆ. ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಮಗಳ ಜಡೆ ಹಾಕುವಾಗಲೂ. ಅವಳ ಕೂದಲು ನೋಯದ ಹಾಗೆ ಮೆಲ್ಲಗೆ ಬಾಚುತ್ತಾ, ಒಂದು ವರ್ಷದ ಜೈಲು ಹೇಗಿರುತ್ತದೆ ಎಂದು ಯೋಚಿಸುತ್ತಿದ್ದೆ. ಅಲ್ಲಿ ಯಾರು ಯಾರ ಹೇಲು ಬಳಿಯುತ್ತಾರೆ ಎಂದು ಯೋಚಿಸುತ್ತಿದ್ದೆ. ನನಗೆ ನಾಚಿಕೆಯಾಗಲಿಲ್ಲ.

ಬೇಳೆ ಉಕ್ಕಿತು. ಒರೆಸಿ ಬಂದು ಮುಂದೆ ಬರೆಯುತ್ತಿದ್ದೇನೆ.

ಅತ್ತೆ ಕೆಲಸ ಬಿಟ್ಟ ಮೂರನೆಯ ದಿನ ಅಜೀತ ಬೈಕಿನ ಮೇಲೆ ಕೇರಿಗೆ ಬಂದ. ಮೂರು ದಿನದ ಸಗಣಿ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಹದಿನೈದು ದನದ ಮೂರು ದಿನದ ಸಗಣಿ. ಅವನ ಪ್ಯಾಂಟಿನ ಅಂಚಿಗೆ ಹತ್ತಿದ್ದನ್ನು ನಾನು ಕಿಟಕಿಯಿಂದಲೇ ನೋಡಿದೆ.

ಅತ್ತೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ತೊಗರಿಬೇಳೆಯ ಹರಳು ಆರಿಸುತ್ತಿದ್ದಳು. ಬಿಸಿಲಿಗೆ ಮುಖ ಮಾಡಿ ಕೂತಿದ್ದಳು. ಸೆರಗು ಹೆಗಲ ಮೇಲಿತ್ತು. ಸುಮೇಧಾ ತನ್ನ ಆಯಿಯ, ಅಂದರೆ ಅಜ್ಜಿಯ, ಪಕ್ಕದಲ್ಲಿ ಕೂತು ಮಗ್ಗಿ ಬರೆಯುತ್ತಿದ್ದಳು. ಅಜೀತ ಬೈಕಿನಿಂದ ಇಳಿಯಲಿಲ್ಲ. ನೇರವಾಗಿ ಅತ್ತೆಯ ಮುಖ ನೋಡಿ ಕೇಳಿದ.

“ಏ ಆಯಿ, ನಮ್ಮ ಕೊಟ್ಟಿಗಿ ಮುದುಕಿ ಮನಿ ಯಾವುದು?”

ಅತ್ತೆಯ ಬೆರಳು ಬೇಳೆಯಲ್ಲಿ ನಿಂತಿತು. ನಾನು ಬಾಗಿಲಿಗೆ ಬಂದೆ. ಅವಳು ನನ್ನ ಕಡೆ ಕೈ ಅಡ್ಡ ಮಾಡಿದಳು, ಸುಮ್ಮನಿರು ಎಂಬಂತೆ.

“ಇದೇ ಮನಿ ರಿ.”

“ಎಲ್ಲಿ ಹೋಗ್ಯಾಳ? ಮೂರು ದಿನ ಆತು, ಪತ್ತೆ ಇಲ್ಲ.”

“ಸತ್ತಾಳ್ರಿ.”

“ಸತ್ತಳಾ? ಯಾವಾಗ?”

“ಹದಿನೈದು ದಿನ ಆತು.” ನೋಟಿಸಿನ ಪ್ರಕಾರ ಅವನು ಅರ್ಜಿಗೆ ಸಹಿ ಮಾಡಿದ ದಿನ ಅದು.

“ಹದಿನೈದು ದಿನ? ಮತ್ತ ಮೊನ್ನಿ ತನಕ ಹೆಂಡಿ ಯಾರು ಬಳದ್ರು?”

“ಆಕಿನೇ ಬಳದಾಳ್ರಿ.”

ಅಜೀತ ಹುಬ್ಬು ಗಂಟು ಹಾಕಿದ. “ಈ ಮುದುಕಿಗಿ ತಲಿ ಸಮ ಇಲ್ಲ,” ಎಂದು ನನಗೆ ಹೇಳಿದ. “ನಾಳಿಂದ ಬ್ಯಾರೆ ಯಾರನರೆ ಕಳಸ್ರಿ. ಜಲ್ದಿ ಕಳಸ್ರಿ.” ಬೈಕ್ ತಿರುಗಿಸಿಕೊಂಡು ಹೋದ.

ಸುಮೇಧಾ ನನ್ನ ಸೆರಗು ಜಗ್ಗಿದಳು. ಬಾಯಿ ನನ್ನ ಕಿವಿಗೆ ತಂದು, “ಅವ್ವಾ, ಸಾವ್ಕಾರ್ಗೆ ಆಯಿ ಯಾರಂತ...” ಎಂದು ಶುರು ಮಾಡಿದಳು. ನಾನು ಅವಳ ಬಾಯಿಯ ಮೇಲೆ ಕೈ ಇಟ್ಟೆ. ಅತ್ತೆಗೆ ಕೇಳಬಾರದು ಎಂದು ಇಟ್ಟೆ. ಆದರೆ ಅತ್ತೆಗೆ ಆಗಲೇ ಗೊತ್ತಾಗಿತ್ತು. ತಟ್ಟೆ ಕೆಳಗಿಟ್ಟು, ಸೆರಗಿನಿಂದ ತೆರೆದ ಮುಖ ಒರೆಸಿಕೊಂಡಳು. ಎದೆಯವರೆಗೆ ಗುಂಡಿಗಿಳಿದು ಎತ್ತಿದ ಹುಡುಗ. ಅವನಿಗೆ ಅವಳ ಬೆನ್ನು ಮಾತ್ರ ಗೊತ್ತಿತ್ತು.

ಮರುದಿನ ಅವರ ಆಳು ಗುರುನಾಥ ಬಂದ. ಕೈಯಲ್ಲಿ ಹೊಸ ಬಿಳಿ ಬಟ್ಟೆ, ಮೇಲೊಂದು ತೆಂಗಿನಕಾಯಿ. ಕಟ್ಟೆಯ ಮೇಲಿದ್ದ ಅತ್ತೆಯನ್ನು ಕಂಡು ಅಲ್ಲೇ ನಿಂತುಬಿಟ್ಟ. ಬಾಯಿ ತೆರೆದಿತ್ತು.

ಆ ಮನೆಯಲ್ಲಿ ಒಂದು ಪದ್ಧತಿಯಿದೆ. ದುಡಿದ ಆಳು ಸತ್ತರೆ ಹೆಣದ ಮೇಲೆ ಹೊದಿಸಲು ಆ ಮನೆಯಿಂದ ಬಟ್ಟೆ ಬರಬೇಕು. ನಮ್ಮ ಕೇರಿ ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ಹಬ್ಬದ ಅನ್ನ, ಹಳೆ ಸೀರೆ, ಹೆಣದ ಬಟ್ಟೆ ಯಾವುದಕ್ಕೂ ಕೈಯೊಡ್ಡಬಾರದೆಂದು ಹಿರಿಯರು ನಿಲ್ಲಿಸಿದ್ದರು. ಅಜೀತನ ತಾಯಿ ಯಶೋದಾಬಾಯಿ ಹಾಸಿಗೆ ಹಿಡಿದು ಎರಡು ವರ್ಷ. ಮಗ ಅಂಗಳದಲ್ಲಿ, “ಕೊಟ್ಟಿಗಿ ಮುದುಕಿ ಸತ್ತಾಳಂತ,” ಎಂದು ಕೂಗಿದ್ದು ಆಕೆಗೆ ಕೇಳಿಸಿದೆ. ಪೆಟ್ಟಿಗೆ ತೆಗೆಸಿ ಬಟ್ಟೆ ಕಳಿಸಿದ್ದಾಳೆ.

“ಕಾಂತಾಬಾಯಿ, ನೀ... ಅದೀಯಲ್ಲ,” ಎಂದ ಗುರುನಾಥ.

“ಇಲ್ಲಪಾ. ನಿಮ್ಮ ಸಾವ್ಕಾರ ಸರಕಾರಕ್ಕ ಬರದು ಕೊಟ್ಟಾನ. ಕೊಡು ಇಲ್ಲಿ.”

ಅವನು ಕೈಗೆ ಕೊಡಲಿಲ್ಲ. ರೂಢಿಯಂತೆ ನೆಲದ ಮೇಲೆ ಇಟ್ಟ. ಇಟ್ಟ ಮೇಲೆ ಅವನಿಗೇ ಏನೋ ಆಯಿತು, ತಲೆ ತಗ್ಗಿಸಿದ. ನೋಟಿಸಿನ ಸುದ್ದಿ ಅವನಿಗೆ ಗೊತ್ತಿತ್ತು. ಪಟ್ಟಿ ಮುಂದಿಟ್ಟುಕೊಂಡು ಕೇರಿಯ ಗಂಡನಿಲ್ಲದ ಹೆಸರುಗಳನ್ನು ಫಾರಂಗೆ ಇಳಿಸಿದವನು ಅವನೇ.

“ನಾ ಹೇಳಿದ್ದೆ, ಇವರೆಲ್ಲಾ ಅದಾರಂತ. ಇರ್ಲಿ ಬರಿ ಅಂದ್ರು. ಈಗ ಹೆಸರು ಉಳೀತಾವ. ಕಚೇರಿ ಕಟ್ಟಿ ಹತ್ತಬ್ಯಾಡ್ರಿ.”

“ಗುರುನಾಥ, ಒಂದ ಮಾತ ಹೇಳು. ಆ ಮನ್ಯಾಗ ನನ್ನ ಹೆಸರು ಯಾರಿಗರೆ ಗೊತ್ತದಾ?”

“ಹೆಸರು ಯಾಕ ಬೇಕಾಗ್ಯಾದ ಆಯಿ? ಕೆಲಸ ನಡೀತದಲ್ಲ.”

ಅವನು ಹೋದ ಮೇಲೆ ಮಚ್ಚೇಂದ್ರ ಬಂದ. ಬಟ್ಟೆ ನೋಡಿ ಕೂಗಾಡಿದ. “ನಮ್ಮಪ್ಪ ಸಾಯೋ ತನಕ ಆ ಮನಿದು ಒಂದ ದಾರ ಮುಟ್ಟಲಿಲ್ಲ. ನೀ ಹೆಣದ ಬಟ್ಟಿ ತೊಗೊಂಡೇನವ್ವಾ?”

ಅತ್ತೆ ಬಟ್ಟೆಯನ್ನು ಮಡಿಚಿ ನನ್ನ ಕೈಗೆ ಕೊಟ್ಟಳು. “ಇದು ಭಿಕ್ಷಾ ಅಲ್ಲ ಮಗಾ. ಇದು ಸಾಕ್ಷಿ. ಸುಗಂಧಾ, ಜ್ವಾಕಿಯಿಂದ ಇಡು.”

ವಿಚಾರಣೆಯ ದಿನ ಏಳು ಮುದುಕಿಯರೂ ಬಿಳಿ ಸೀರೆ ಉಟ್ಟರು. ಬುದ್ಧ ಪೂರ್ಣಿಮೆಗೆ ಉಡಲು ಪೆಟ್ಟಿಗೆಯಲ್ಲಿಟ್ಟ ಸೀರೆಗಳು. ತಲೆ ಬಾಚಿ, ಎಣ್ಣೆ ಹಚ್ಚಿ, ಮುಖ ತೆರೆದು ಮಚ್ಚೇಂದ್ರನ ಟಮ್‌ಟಮ್ ಹತ್ತಿದರು. ರಾತ್ರಿಯೆಲ್ಲ ಗೊಣಗಿದ್ದವನು ಬೆಳಗ್ಗೆ ತಾನೇ ಗಾಡಿ ತೊಳೆದು ನಿಲ್ಲಿಸಿದ್ದ. ಸುಮೇಧಾ ಅತ್ತೆಯ ತೊಡೆಯ ಮೇಲೆ ಕೂತಳು. ಶಾಲೆ ತಪ್ಪಿಸಬೇಡ ಎಂದು ನಾನು ಹೇಳಿದರೆ, “ಆಯಿ ಸತ್ತಾಳಂತ ರಜಾ ಚೀಟಿ ಬರದು ಕೊಟ್ಟೇನಿ,” ಎಂದಳು. ಟಮ್‌ಟಮ್ ತುಂಬ ನಗು.

“ಮಚ್ಚ್ಯಾ, ಹೆಣಕ್ಕ ಚಾರ್ಜ ಎಷ್ಟು ತೊಗೋತೀ?” ಎಂದು ಒಬ್ಬಳು ಕೇಳಿದಳು.

“ಏಳು ಹೆಣ ಒಮ್ಮಿಗೆ ಹೊತ್ತಾಂವ ಈ ಜಿಲ್ಲಾದಾಗ ನಾನೊಬ್ಬನೇ. ಫುಕಟ್ ಕೂಡ್ರಿ,” ಎಂದ ಮಚ್ಚೇಂದ್ರ.

ಹೆದ್ದಾರಿಯ ಉದ್ದಕ್ಕೂ ಅವರು ನಗುತ್ತಲೇ ಇದ್ದರು. ಕಚೇರಿಯ ಗೇಟು ಕಂಡಾಗ ಸುಮ್ಮನಾದರು. ಎಂಟು ಮೆಟ್ಟಿಲು. ಒಬ್ಬರ ಕೈ ಒಬ್ಬರು ಹಿಡಿದು ಹತ್ತಿದರು. ಇರ್ಫಾನ ಎದ್ದು ಬಂದು ಗೋಡೆಗೆ ಉದ್ದ ಬೆಂಚು ಹಾಕಿಸಿದರು. ಏಳು ಮಂದಿ ಸಾಲಾಗಿ ಕೂತರು. ಯಾರೂ ನೆಲದ ಮೇಲೆ ಕೂಡಲಿಲ್ಲ.

ವಿಚಾರಣೆ ನಡೆಸುವ ತಹಸೀಲ್ದಾರ ಸಾಹೇಬರು ಹೊರಗಿನವರು, ಹೊಸಬರು. ಏಳೂ ಅರ್ಜಿ ಮುಂದಿಟ್ಟುಕೊಂಡಿದ್ದರು. ಮಹಜಬೀನ್ ಟೀಚರ್ ತಾವು ಮನೆಮನೆಗೆ ಹೋಗಿ ನೋಡಿದ್ದನ್ನು ನಡುಗದ ದನಿಯಲ್ಲಿ ಹೇಳಿದರು. ಏಳೂ ಜನ ಜೀವಂತ. ಸಾಹೇಬರು ಅಜೀತನ ಕಡೆ ತಿರುಗಿದರು. ಅಜೀತ ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡಿದ್ದ. ಬಾಗಿಲಲ್ಲಿ ಗುರುನಾಥ.

“ಸಾಹೇಬ್ರ, ತಪ್ಪಾಗ್ಯಾದ. ನಮ್ಮ ಆಳು ಫಾರಂ ತುಂಬಿದ, ನಾ ನೋಡದೆ ಸಹಿ ಮಾಡ್ದೆ. ನನ್ನ ಮನಸಿನ್ಯಾಗ ಏನೂ ಇಲ್ಲ. ಇವರೆಲ್ಲಾ ನಮ್ಮ ಊರವರು. ಕಾಂತಾಬಾಯಿ ಅಂತೂ ನಮ್ಮ ಮನಿ ಮನುಷ್ಯಾಳು. ನನ್ನ ಎತ್ತಿ ಬೆಳಸಿದಾಕಿ. ನನಗ ತಾಯಿ ಇದ್ದಂಗ.”

ಹೆಸರು ಹೇಳಿಕೊಟ್ಟಿದ್ದ ಗುರುನಾಥ ನೆಲ ನೋಡುತ್ತಿದ್ದ.

ನಾನು ಬಿಳಿ ಬಟ್ಟೆಯನ್ನು ಮೇಜಿನ ಮೇಲಿಟ್ಟೆ. “ಸಾಹೇಬ್ರ, ಇದು ಹೆಣದ ಬಟ್ಟಿ. ಇವರ ಮನಿಯಿಂದ ಬಂದದ್ದು. ಬೇಕಂದ್ರ ತಂದು ಕೊಟ್ಟಾಂವನ್ನ ಕೇಳ್ರಿ, ಬಾಗಲದಾಗ ನಿಂತಾನ.”

ಅಜೀತ ನಕ್ಕ. “ನಮ್ಮವ್ವಗ ವಯಸ್ಸಾಗ್ಯಾದ ಸಾಹೇಬ್ರ. ತಿಳೀಲಾರದೆ ಕಳಿಸ್ಯಾಳ.”

ಸಾಹೇಬರು ಬಟ್ಟೆಯನ್ನು ಬೆರಳ ತುದಿಯಿಂದ ಸರಿಸಿದರು. “ನೋಡಮ್ಮಾ, ಏಳೂ ಅರ್ಜಿ ವಜಾ ಮಾಡ್ತೀನಿ. ಹೆಸರೆಲ್ಲಾ ಪಟ್ಟಿಯಲ್ಲಿ ಹಾಗೇ ಇರುತ್ತೆ. ಚುನಾವಣೆ ದಿನ ಬಂದು ವೋಟು ಹಾಕಿ. ಅವರೂ ತಪ್ಪು ಒಪ್ಕೊಂಡಿದ್ದಾರೆ. ಇಲ್ಲಿಗೆ ಮುಗಿಸೋಣ್ವಾ?”

ಬೆಂಚಿನಿಂದ ನಿಟ್ಟುಸಿರು ಕೇಳಿಸಿತು. ಹೆಸರು ಉಳಿಯಿತು. ಅಷ್ಟಕ್ಕೇ ಎದ್ದು ಬರಬಹುದಿತ್ತು. ಮಚ್ಚೇಂದ್ರ ನನ್ನ ಕಡೆ ನೋಡಿ ಸಾಕು ಎಂಬಂತೆ ತಲೆಯಾಡಿಸಿದ. ನನ್ನ ನಾಲಿಗೆಯ ಮೇಲೆ ಎಂಟು ದಿನದಿಂದ ಬಾಯಿಪಾಠ ಮಾಡಿದ ಸಾಲಿತ್ತು. ಸಾಕಾಗಿರಲಿಲ್ಲ. ಆ ಸಾಲಿನೊಳಗೆ ನನಗೆ ಅಜೀತ ಬೇಕಾಗಿದ್ದ.

“ಸಾಹೇಬ್ರ, ನಂದು ಎರಡೇ ಮಾತು. ಕಾಂತಾಬಾಯಿ ತಾಯಿ ಇದ್ದಂಗ, ದಿನಾ ನೋಡಾಕತ್ತೇನಿ ಅಂದ್ರ, ಜೀವಂತ ಅದಾಳಂತ ಗೊತ್ತಿದ್ದೇ ಸತ್ತಾಳಂತ ಸಹಿ ಮಾಡ್ಯಾರ. ಅದು ಜೈಲಿನ ಮಾತು, ನಿಮ್ಮ ಫಾರಂನಾಗೇ ಬರದದ. ಆಕಿ ಯಾರಂತ ಗೊತ್ತೇ ಇಲ್ಲಂದ್ರ, ಈಗ ನಿಮ್ಮ ಮುಂದ ಸುಳ್ಳ ಹೇಳ್ಯಾರ. ಎರಡರಾಗ ಒಂದು ಬರಕೋರಿ. ಯಾವುದಿದ್ರೂ ನಾ ಕೆಳಗ ಸಹಿ ಮಾಡತೇನಿ.”

ಇರ್ಫಾನ ಬರೆಯುವುದನ್ನು ನಿಲ್ಲಿಸಿದರು. ಸಾಹೇಬರು ಅಜೀತನ ಮುಖ ನೋಡಿದರು.

“ಏ, ಹೆಚ್ಚ ಮಾತಾಡಬ್ಯಾಡ,” ಎಂದ ಅಜೀತ. ದನಿ ಏರಿತ್ತು. “ಗೊತ್ತಿಲ್ಲಂದ್ರ ಹ್ಯಾಂಗ? ಮೂವತ್ತ ವರ್ಷ ನಮ್ಮ ಮನ್ಯಾಗ ದುಡದಾಕಿ. ಗೊತ್ತಿದ್ದೂ ಯಾರರೆ ಹಂಗ ಮಾಡತಾರೇನು? ಬೇಕಂದ್ರ ಎಲ್ಲಾರ ಮುಂದ ಆಕಿ ಕಾಲು ಮುಟ್ಟತೇನಿ. ಆತಿಲ್ಲೋ?”

ಎದ್ದು ಬೆಂಚಿನ ಕಡೆ ತಿರುಗಿ ಕೈ ಮುಗಿದ. ಮುಗಿದ ಕೈ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ಏಳು ಬಿಳಿ ಸೀರೆ, ಏಳು ತೆರೆದ ಮುಖ. ಕೈ ಮತ್ತೆ ಹಿಂದಕ್ಕೆ ಬಂತು. ಎಲ್ಲೂ ನಿಲ್ಲಲಿಲ್ಲ. ಅತ್ತೆ ನೆಟ್ಟಗೆ ಕೂತಿದ್ದಳು. ಬೆನ್ನು ಗೋಡೆಗೆ ಹತ್ತಿರಲಿಲ್ಲ. ಅವನನ್ನೇ ನೋಡುತ್ತಿದ್ದಳು. ರೆಪ್ಪೆ ಬಡಿಯಲಿಲ್ಲ. ಉಳಿದ ಆರೂ ಮಂದಿ ಹಾಗೇ ನೋಡುತ್ತಿದ್ದರು. ಒಬ್ಬರೂ ಅತ್ತೆಯ ಕಡೆ ತಿರುಗಲಿಲ್ಲ.

ಗುರುನಾಥ ಬಾಗಿಲಲ್ಲಿ ಕೆಮ್ಮಿದ. “ನೀವು ಹೊರಗೆ ನಿಲ್ರೀ,” ಎಂದರು ಸಾಹೇಬರು.

ನನ್ನ ಪಕ್ಕದಲ್ಲಿ ಸುಮೇಧಾ ಉಸಿರು ಎಳೆದುಕೊಂಡದ್ದು ಕೇಳಿಸಿತು. ನನ್ನ ಕೈ ತಾನಾಗಿ ಅವಳ ಬಾಯಿಯ ಕಡೆ ಹೋಯಿತು. ನನ್ನ ಅವ್ವ ನನ್ನ ಬಾಯಿಗೆ ಅಡ್ಡ ಇಟ್ಟ ಕೈ. ಅವಳವ್ವ ಅವಳಿಗೆ ಇಟ್ಟ ಕೈ. ನಾನು ಅದನ್ನು ಹಿಂದಕ್ಕೆ ತೆಗೆದುಕೊಂಡು ಅವಳ ಬೆನ್ನ ಮೇಲಿಟ್ಟೆ.

ಅವಳು ಎರಡು ಹೆಜ್ಜೆ ಮುಂದೆ ಹೋದಳು.

“ಸಾವ್ಕಾರ್ರ, ಈ ಏಳೂ ಮಂದ್ಯಾಗ ನಮ್ಮ ಆಯಿ ಯಾರ್ರಿ?”